ಐರಿಸ್‌ಗೊಂದು ಕಿಂಡಿ ಕೊರೆಯುವಾಗ

ಐರಿಸ್ ಎಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆ; ಅದು ಕಾರ್ನಿಯಾವನ್ನು ಸೇರುವ ಮೂಲೆಯೇ ಆಂಗಲ್, ಕಣ್ಣೊಳಗಿನ ದ್ರವ ಹೊರಹೋಗುವ ದಾರಿ. ಅದು ಮುಚ್ಚಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಆಂಗಲ್ ಕಿರಿದಾದ ಕಣ್ಣಿಗೆ ಲೇಸರ್ ಹೊಡೆದು ಐರಿಸ್‌ನಲ್ಲಿ ಕಿಂಡಿ ಕೊರೆಯುವುದು ಕೆಲವೇ ನಿಮಿಷಗಳ ಕೆಲಸ. ಹೊಡೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೋಣೆ ಕತ್ತಲು ಮಾಡಿ, ಆಂಗಲ್ ತೋರಿಸುವ ಗೋನಿಯೋ ಲೆನ್ಸ್ ಕಣ್ಣಿನ ಮೇಲಿಟ್ಟು, ಸ್ಲಿಟ್ ಲ್ಯಾಂಪಿನ (ಕಣ್ಣು ನೋಡುವ ಸೂಕ್ಷ್ಮದರ್ಶಕದ) ಬೆಳಕು ಪಾಪೆಗೆ ತಾಗದಂತೆ ಗಿಡ್ಡ ಮಾಡಿಕೊಂಡು ನೋಡುತ್ತೇನೆ. ಬೆಳಕು ತಾಗಿದರೆ ಪಾಪೆ ಕುಗ್ಗುತ್ತದೆ, ಮುಚ್ಚಿದ ಆಂಗಲ್ಲೂ ತೆರೆದಂತೆ ಕಂಡು ಮೋಸ ಮಾಡುತ್ತದೆ.

2019ರಲ್ಲಿ ಚೀನಾದ ಅಧ್ಯಯನವೊಂದು ಪ್ರಕಟವಾಯಿತು. ಆಂಗಲ್ ಕಿರಿದಾಗಿದ್ದ 889 ಮಂದಿಗೆ ಒಂದು ಕಣ್ಣಿಗೆ ಮಾತ್ರ ಲೇಸರ್ ಮಾಡಿ 6 ವರ್ಷ ನಿಗಾ ಇಟ್ಟಿದ್ದರು. ಆಂಗಲ್ ಮುಚ್ಚಿಕೊಳ್ಳುವ ಅಪಾಯವನ್ನು ಲೇಸರ್ ಸುಮಾರು ಅರ್ಧಕ್ಕೆ ಇಳಿಸಿತ್ತು, ನಿಜ. ಆದರೆ ಹಾಗೇ ಬಿಟ್ಟ ಕಣ್ಣುಗಳಲ್ಲೂ ತೊಂದರೆಯಾದದ್ದು ಕಡಿಮೆ. ಅಂದಿನಿಂದ ಕಿರಿದು ಕಂಡ ಕೂಡಲೇ ನಾನು ಲೇಸರ್ ಎನ್ನುವುದಿಲ್ಲ. ಒತ್ತಡ ಏರಿದ್ದರೆ, ಆಂಗಲ್ ಅಂಟಿಕೊಂಡಿದ್ದರೆ, ಸಕ್ಕರೆ ಕಾಯಿಲೆಗಾಗಿ ಪಾಪೆಯನ್ನು ಪದೇ ಪದೇ ಹಿಗ್ಗಿಸಬೇಕಾಗಿದ್ದರೆ ಮಾಡುತ್ತೇನೆ.

ಮೊದಲು ಪೈಲೋಕಾರ್ಪಿನ್ ಹನಿ. ಪಾಪೆ ಕುಗ್ಗಿ ಐರಿಸ್ ಬಿಗಿಯಾಗಿ ಚಾಚಿಕೊಳ್ಳುತ್ತದೆ, ತೆಳುವಾಗುತ್ತದೆ. ಹುಬ್ಬು ನೋಯುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಯಾರೂ ಗಾಬರಿಯಾಗುವುದಿಲ್ಲ. ಆಮೇಲೆ ಒತ್ತಡ ಏರದಿರಲು ಬ್ರಿಮೋನಿಡಿನ್, ಮರಗಟ್ಟಿಸುವ ಹನಿ, ಮೇಲೆ ಲೇಸರನ್ನು ಒಂದೆಡೆ ಕೇಂದ್ರೀಕರಿಸುವ ಏಬ್ರಹಾಂ ಲೆನ್ಸ್. ಐರಿಸ್‌ನಲ್ಲಿ ಸಹಜವಾಗಿಯೇ ಗುಳಿಬಿದ್ದ ಜಾಗ ಸಿಕ್ಕರೆ ಅರ್ಧ ಕೆಲಸ ಆದಂತೆ.

ಹೊಸತರಲ್ಲಿ ನನಗೆ ಅಷ್ಟು ತಾಳ್ಮೆ ಇರಲಿಲ್ಲ. ದಪ್ಪನೆಯ ಕಂದು ಐರಿಸ್ ಒಂದಕ್ಕೆ ಒಂದೇ ಕಡೆ ಯಾಗ್ ಲೇಸರ್‌ನ (ಸಿಡಿಸಿ ತೂತು ಮಾಡುವ ಲೇಸರ್) ಶಕ್ತಿ ಏರಿಸುತ್ತಲೇ ಹೋದೆ. ಬಣ್ಣದ ಪುಡಿ ಎದ್ದು ಏನೂ ಕಾಣದಾಯಿತು, ಮೇಲಿಂದ ರಕ್ತದ ಎಳೆ ಬೇರೆ. "ಮುಗೀತಾ ಡಾಕ್ಟ್ರೇ?" ಎಂದರು ಎದುರಿಗಿದ್ದವರು. ಲೆನ್ಸನ್ನೇ ಕಣ್ಣಿಗೆ ಒತ್ತಿ ಹಿಡಿದೆ, ರಕ್ತ ನಿಂತಿತು. ಇನ್ನೊಂದು ದಿನ ಬರಹೇಳಿ ಕಳಿಸಿದೆ. ಈಗ ಅಂಥ ಐರಿಸ್‌ಗೆ ಮೊದಲು ಹಸಿರು ಲೇಸರ್‌ನಿಂದ ತಗ್ಗು ಮಾಡಿಕೊಳ್ಳುತ್ತೇನೆ. ರಕ್ತನಾಳಗಳು ಮುದುಡಿರುತ್ತವೆ, ಆಮೇಲೆ ಯಾಗ್‌ನ ಒಂದೆರಡು ಹೊಡೆತ ಸಾಕು.

ತೂತು ಬಿದ್ದದ್ದು ಗೊತ್ತಾಗುವ ಗಳಿಗೆ ಚೆನ್ನಾಗಿರುತ್ತದೆ: ಹಿಂದೆ ಕಟ್ಟಿಕೊಂಡಿದ್ದ ದ್ರವ ಬಣ್ಣದ ಪುಡಿಯನ್ನು ಹೊತ್ತು ಬುಳಕ್ಕನೆ ಮುಂದಕ್ಕೆ ನುಗ್ಗುತ್ತದೆ, ಐರಿಸ್ ಹಿಂದಕ್ಕೆ ಸರಿಯುತ್ತದೆ. ಕಿಂಡಿಯೊಳಗೆ ಕಣ್ಣಿನದೇ ಲೆನ್ಸಿನ ಹೊರಪದರ ಕಾಣುವವರೆಗೆ ನಂಬುವುದಿಲ್ಲ. ಕೆಂಪು ಹೊಳಪು ಕಂಡಿತೆಂದು ನಿಲ್ಲಿಸಿ ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ.

ಒಂದು ಗಂಟೆ ಕೂರಿಸಿ ಒತ್ತಡ ಅಳೆಯುತ್ತೇನೆ, ಕೆಲವು ದಿನ ಸ್ಟೀರಾಯ್ಡ್ ಹನಿ ಕೊಡುತ್ತೇನೆ. ಮತ್ತೆ ಬಂದಾಗ ಕತ್ತಲಲ್ಲಿ ಪುನಃ ಗೋನಿಯೋ. ಕಿಂಡಿ ತೆರೆದಿದ್ದರೂ ಕೆಲವರ ಆಂಗಲ್ ಮುಚ್ಚಿಯೇ ಇರುತ್ತದೆ. ಅವರ ಜೊತೆ ಕಣ್ಣೊಳಗಿನ ದಪ್ಪಗಾದ ಲೆನ್ಸ್ ತೆಗೆಯುವ ಮಾತು ಶುರುವಾಗುತ್ತದೆ.