ಹಳೆಯ ಕಾರಿನ ಹೆಸರಿಲ್ಲದ ಇಂಜೆಕ್ಷನ್ ಭಾಗಗಳು: ಗುರುತು ಹಿಡಿಯುವ ಬಗೆ

ಡಬ್ಬಿ ತುಂಬ ಚೀಟಿ ಕಿತ್ತುಹೋದ ಇಂಜೆಕ್ಷನ್ (ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆಯ) ಭಾಗಗಳಿದ್ದರೆ ಒಂದೊಂದನ್ನೇ ಕೈಗೆತ್ತಿಕೊಂಡು ತಲೆ ಕೆಡಿಸಿಕೊಳ್ಳಬೇಡಿ. ಅವು ಯಾವ ವ್ಯವಸ್ಥೆಗೆ ಸೇರಿದವು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅಷ್ಟಾದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಹೇಳುತ್ತಿರುವುದು ಬಾಷ್ ಕಂಪನಿಯ ಜೆಟ್ರೋನಿಕ್ ಭಾಗಗಳ ಬಗ್ಗೆ. 1960ರ ದಶಕದ ಕೊನೆಯಿಂದ 80ರ ದಶಕದವರೆಗಿನ ಎಷ್ಟೋ ಕಾರುಗಳಲ್ಲಿ ಇದ್ದದ್ದು ಇವೇ.

ಮೊದಲು ಬಂದದ್ದು ಡಿ-ಜೆಟ್ರೋನಿಕ್, 1967ರಲ್ಲಿ, ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ. ಆಮೇಲೆ ವೋಲ್ವೊ 1800ಇ, ಪೋರ್ಷೆ 914, ಮರ್ಸಿಡಿಸ್ 450 ಎಸ್‌ಎಲ್ ಮುಂತಾದವಕ್ಕೂ ಬಂತು. ಇದು ಮ್ಯಾನಿಫೋಲ್ಡ್‌ನ, ಅಂದರೆ ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಯ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಮುಂದೆ ಬಂದ ಎಲ್-ಜೆಟ್ರೋನಿಕ್ ಒಳಗೆ ಹೋಗುವ ಗಾಳಿಯನ್ನೇ ಅಳೆಯುತ್ತದೆ. ಹಾಗಾಗಿ ಡಬ್ಬಿಯಲ್ಲಿ ಒಂದು ಹೋಸ್ ಮೂತಿ ಮತ್ತು ನಾಲ್ಕು ಪಿನ್‌ಗಳಿರುವ ದುಂಡನೆಯ ಲೋಹದ ಡಬರಿ ಸಿಕ್ಕರೆ ಅದು ಒತ್ತಡದ ಸೆನ್ಸರ್, ಅಂದರೆ ನಿಮ್ಮದು ಡಿ. ಒಳಗೆ ಕದಲುವ ರೆಕ್ಕೆ ಇರುವ ಅಲ್ಯೂಮಿನಿಯಂ ಪೆಟ್ಟಿಗೆ ಸಿಕ್ಕರೆ ಅದು ಗಾಳಿಯ ಮೀಟರ್, ಅಂದರೆ ಎಲ್. ಡಿಸ್ಟ್ರಿಬ್ಯೂಟರ್‌ನ (ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗದ) ಬುಡದಲ್ಲಿ ಇನ್ನೊಂದು ಜೊತೆ ಕಾಂಟ್ಯಾಕ್ಟ್‌ಗಳೂ ಅವಕ್ಕೊಂದು ಪ್ಲಗ್ಗೂ ಇದ್ದರೆ ಅದೂ ಡಿ. ಎಲ್‌ಗೆ ಅದು ಬೇಕಿಲ್ಲ, ಇಗ್ನಿಷನ್ ಕಾಯಿಲ್‌ನಿಂದಲೇ ಸಂಕೇತ ತೆಗೆದುಕೊಳ್ಳುತ್ತದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗೆ ವೈರಿನ ಪ್ಲಗ್ಗೇ ಇಲ್ಲದಿದ್ದರೆ ಅದು ಕೆ-ಜೆಟ್ರೋನಿಕ್‌ನ ಮೆಕ್ಯಾನಿಕಲ್ ಭಾಗ. ಅದನ್ನು ಬೇರೆ ಇಡಿ.

ಪೆಟ್ರೋಲ್ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಕಂಟ್ರೋಲ್ ಯೂನಿಟ್‌ನ ಪಿನ್ ಎಣಿಸಿ ತೀರ್ಮಾನಕ್ಕೆ ಬರುವವರಿದ್ದಾರೆ. ಡಿಗೆ 25 ಪಿನ್, ಮೊದಲ ಎಲ್‌ಗೆ 35 ಎಂಬುದು ನಿಜ. ಆದರೆ ಆಮೇಲಿನ ಎಲ್‌ಇ-ಜೆಟ್ರೋನಿಕ್‌ಗೂ 25 ಪಿನ್‌ಗಳೇ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಚೀಟಿ ಹೋದರೂ ಒತ್ತಿದ ಅಂಕಿಗಳು ಸಾಮಾನ್ಯವಾಗಿ ಉಳಿದಿರುತ್ತವೆ. ತಂತಿ ಬ್ರಷ್ ಮುಟ್ಟಿಸಬೇಡಿ, ಆಳವಿಲ್ಲದ ಅಂಕಿಗಳು ಅಳಿಸಿಹೋಗುತ್ತವೆ. ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಉಜ್ಜಿ, ಮೇಲ್ಮೈಯನ್ನು ಮೆತ್ತಗೆ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಬಾಷ್ ಸಂಖ್ಯೆಗೆ ಹತ್ತು ಅಂಕಿ. ಅದರಲ್ಲಿ ಮೊದಲ ಏಳೇ ಭಾಗದ ಜಾತಿ ಹೇಳಿಬಿಡುತ್ತವೆ. 0 280 100 ಎಂದಿದ್ದರೆ ಒತ್ತಡದ ಸೆನ್ಸರ್, 0 280 120 ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಸ್ವಿಚ್, 0 280 130 ಉಷ್ಣತೆಯ ಸೆನ್ಸರ್ ಅಥವಾ ಥರ್ಮೋ-ಟೈಮ್ ಸ್ವಿಚ್ (ಕೋಲ್ಡ್ ಸ್ಟಾರ್ಟ್ ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುವ ಸ್ವಿಚ್), 0 280 140 ಹೆಚ್ಚುವರಿ ಗಾಳಿಯ ವಾಲ್ವ್, 0 280 150 ಇಂಜೆಕ್ಟರ್, 0 280 160 ಪೆಟ್ರೋಲ್ ಒತ್ತಡದ ರೆಗ್ಯುಲೇಟರ್, 0 280 170 ಕೋಲ್ಡ್ ಸ್ಟಾರ್ಟ್ ವಾಲ್ವ್ (ತಣ್ಣಗಿನ ಎಂಜಿನ್ ಶುರುವಾಗಲು ಹೆಚ್ಚುವರಿ ಪೆಟ್ರೋಲ್ ಕೊಡುವುದು). ಪಂಪ್‌ನ ಸಂಖ್ಯೆ 0 580ರಿಂದ ಶುರುವಾಗುತ್ತದೆ. ‘ಎಫ್‌ಡಿ’ ಜೊತೆಗಿರುವ ಮೂರಂಕಿ ತಯಾರಿಕೆಯ ಕಾಲದ ಸಂಕೇತ, ಭಾಗದ ಸಂಖ್ಯೆ ಅಲ್ಲ. ಡಾಟ್ಸನ್ 280ಝಡ್‌ನಂಥ ಜಪಾನಿ ಕಾರುಗಳಲ್ಲಿ ಇದೇ ತಂತ್ರವಿದ್ದರೂ ಸಂಖ್ಯೆ ಬರೆಯುವ ಪದ್ಧತಿ ಬೇರೆ.

ಅಂಕಿ ಪೂರ್ತಿ ಅಳಿಸಿದ್ದರೆ ಮಲ್ಟಿಮೀಟರ್ ಹಿಡಿದು ವಿದ್ಯುತ್ ತಡೆಯನ್ನು ಓಮ್‌ಗಳಲ್ಲಿ ಅಳೆಯಿರಿ. ಮೊದಲು ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ, ಬಂದ ಅಳತೆಯನ್ನು ಬರೆದಿಟ್ಟುಕೊಂಡು ಪ್ರತಿ ಸಲ ಕಳೆಯಿರಿ. ಡಿ-ಜೆಟ್ರೋನಿಕ್ ಇಂಜೆಕ್ಟರ್ ಸುಮಾರು 2.4 ಓಮ್ ಇರುವುದರಿಂದ ಪ್ರೋಬ್ ವೈರಿನ ಅರ್ಧ ಓಮ್ ಕೂಡ ಲೆಕ್ಕ ಕೆಡಿಸುತ್ತದೆ. 16 ಓಮ್ ಆಸುಪಾಸು ತೋರಿಸಿದರೆ ಅದು ಆಮೇಲಿನ ಕಾಲದ್ದು. 2.4 ಓಮ್‌ನದಕ್ಕೆ ನೇರವಾಗಿ ಬ್ಯಾಟರಿ ಕೊಡಲೇಬೇಡಿ. 12 ವೋಲ್ಟ್‌ಗೆ 5 ಆಂಪಿಯರ್ ಹರಿದು ಕಾಯಿಲ್ ಸುಟ್ಟುಹೋಗುತ್ತದೆ. ಕಾರಿನಲ್ಲಿ ಅದರ ಜೊತೆ ಸಾಲಾಗಿ ರೆಸಿಸ್ಟರ್ ಇರುತ್ತದೆ. ಹಳೆಯ ಇಂಜೆಕ್ಟರ್ ಒಳಗೆ ಪೆಟ್ರೋಲ್ ಉಳಿದಿರಬಹುದು ಎಂಬುದನ್ನೂ ಮರೆಯಬೇಡಿ.

ಒತ್ತಡದ ಸೆನ್ಸರ್‌ಗೆ ಹೆಚ್ಚು ಹೊತ್ತು ಕೊಡಿ. ಡಿ-ಜೆಟ್ರೋನಿಕ್‌ನಲ್ಲಿ ಅತಿ ದುಬಾರಿ ತಪ್ಪು ಆಗುವುದು ಇಲ್ಲೇ. 7 ಮತ್ತು 15 ಎಂದು ಗುರುತಿರುವ ಪಿನ್‌ಗಳ ನಡುವೆ ಸುಮಾರು 90 ಓಮ್, 8 ಮತ್ತು 10ರ ನಡುವೆ ಸುಮಾರು 350 ಓಮ್ ಇರಬೇಕು. ಪಿನ್‌ಗೂ ಹೊರಮೈಗೂ ಸಂಪರ್ಕ ಇರಲೇಬಾರದು. ಕೈಪಂಪಿನಿಂದ ಅರ್ಧ ಬಾರ್‌ನಷ್ಟು ಗಾಳಿ ಎಳೆದು ಕೆಲವು ನಿಮಿಷ ಬಿಡಿ. ಪಂಪಿನ ಮೀಟರಿನ ಮುಳ್ಳು ಜಾರಿದರೆ ಒಳಗಿನ ಲೋಹದ ಪರದೆ ಬಿರಿದಿದೆ. ಅಂಥದ್ದನ್ನು ಹಾಕಿದರೆ ಎಂಜಿನ್ ಕಪ್ಪು ಹೊಗೆ ಉಗುಳುತ್ತಾ ಬೇಕಾಬಿಟ್ಟಿ ಪೆಟ್ರೋಲ್ ಕುಡಿಯುತ್ತದೆ. ತುದಿಯಲ್ಲಿ ಸ್ಕ್ರೂ ಮುಚ್ಚಿದ ಅಂಟು ಕಿತ್ತಿದ್ದರೆ ಯಾರೋ ತಿರುಗಿಸಿದ್ದಾರೆ, ಹೊಂದಾಣಿಕೆ ಹೋಗಿದೆ ಎಂದೇ ತಿಳಿಯಿರಿ. ಇವೆಲ್ಲ ಸರಿಯಿದ್ದರೂ ಅದು ನಿಮ್ಮ ಎಂಜಿನ್‌ನದೇ ಎಂದು ಹೇಳಲಾಗದು. ನೋಡಲು ಒಂದೇ ಥರ, ಪ್ಲಗ್ ಕೂಡ ಒಂದೇ, ಆದರೆ ಎಂಜಿನ್‌ಗೆ ತಕ್ಕಂತೆ ಒಳಗಿನ ಹೊಂದಾಣಿಕೆ ಬೇರೆ. ಕೊನೆಯ ಮೂರಂಕಿ ಸಿಗದ ಸೆನ್ಸರನ್ನು ಕಾರಿಗೆ ಹಾಕದಿರುವುದೇ ಒಳ್ಳೆಯದು.

ಉಷ್ಣತೆಯ ಸೆನ್ಸರ್‌ಗಳನ್ನು ಗುರುತಿಸುವುದು ಸುಲಭ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಜಿನ್‌ನ ಸೆನ್ಸರ್ ಸುಮಾರು 2,500 ಓಮ್ ತೋರಿಸುತ್ತದೆ, ಡಿ-ಜೆಟ್ರೋನಿಕ್‌ನ ಗಾಳಿಯ ಸೆನ್ಸರ್ ಸುಮಾರು 300. ಬಿಸಿನೀರಿಗೆ ಅದ್ದಿದರೆ ಓಮ್ ಇಳಿಯಬೇಕು. ಅಲ್ಲಾಡದಿದ್ದರೆ ಸೆನ್ಸರ್ ಸತ್ತಿದೆ, ಇಲ್ಲವೇ ಅದು ಬೇರೆಯೇ ಭಾಗ. ಥರ್ಮೋ-ಟೈಮ್ ಸ್ವಿಚ್ ಕೂಡ ನೋಡಲು ಸೆನ್ಸರ್‌ನಂತೆಯೇ ಇರುತ್ತದೆ. ಅದರ ಮೈಮೇಲೆ 35 ಡಿಗ್ರಿ, 8 ಸೆಕೆಂಡ್ ಎಂಬಂಥ ಗುರುತು ಒತ್ತಿರುತ್ತಾರೆ. ಬೆರಳ ತುದಿಯಿಂದ ಸ್ಪ್ಯಾನರ್ ಕೂರುವ ಆರು ಮೂಲೆಯ ಭಾಗದ ಮೇಲಿನ ಮಸಿ ತೆಗೆದರೆ ಕಾಣಿಸುತ್ತದೆ.

ಎರಡು ಹೋಸ್ ಮೂತಿ, ಎರಡು ಪಿನ್ ಇರುವುದು ಹೆಚ್ಚುವರಿ ಗಾಳಿಯ ವಾಲ್ವ್. ತಣ್ಣಗಿರುವಾಗ ಒಳಗಿನ ಕಿಂಡಿ ತೆರೆದಿರುತ್ತದೆ, 12 ವೋಲ್ಟ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಮೆಲ್ಲಗೆ ಮುಚ್ಚುತ್ತದೆ. ಕೋಲ್ಡ್ ಸ್ಟಾರ್ಟ್ ವಾಲ್ವ್ ಕೂಡ ಎರಡು ಪಿನ್ನಿನದೇ, ಆದರೆ ಸುಮಾರು 4 ಓಮ್. ಅದನ್ನು ಎರಡು ಬೋಲ್ಟ್ ಹಾಕಿ ಕೂರಿಸುವ ಫ್ಲ್ಯಾಂಜ್ ಇರುತ್ತದೆ.

ರೆಗ್ಯುಲೇಟರ್‌ನಲ್ಲಿ ತಿರುಗಿಸುವ ಸ್ಕ್ರೂ, ಲಾಕ್ ನಟ್ ಇದ್ದು ವ್ಯಾಕ್ಯೂಮ್ ಮೂತಿ ಇಲ್ಲದಿದ್ದರೆ ಡಿ-ಜೆಟ್ರೋನಿಕ್‌ನದು, ಒತ್ತಡ 2 ಬಾರ್ ಆಸುಪಾಸು. ಮೂತಿ ಇದ್ದು ಸ್ಕ್ರೂ ಇಲ್ಲದಿದ್ದರೆ ಎಲ್‌ನದು, 2.5 ಅಥವಾ 3 ಬಾರ್. ಇವನ್ನು ಅದಲು ಬದಲು ಮಾಡಿದರೆ ಕಾರು ಓಡಬಹುದು, ಆದರೆ ಗಾಳಿ-ಪೆಟ್ರೋಲ್ ಮಿಶ್ರಣ ಎಂದಿಗೂ ಸರಿಹೋಗದು.

ಗಾಳಿಯ ಮೀಟರ್‌ನ ರೆಕ್ಕೆಯನ್ನು ಬೆರಳಿನಿಂದ ತಳ್ಳಿ. ಎಲ್ಲೂ ತಡೆಯದೆ ಹೋಗಿ ತಾನಾಗಿ ವಾಪಸು ಬರಬೇಕು. ಬ್ಯಾಕ್‌ಫೈರ್ (ಗಾಳಿಯ ಕೊಳವೆಯೊಳಗೆ ಪೆಟ್ರೋಲ್ ಹೊತ್ತಿ ಸಿಡಿಯುವುದು) ಆಗಿದ್ದರೆ ರೆಕ್ಕೆ ಬಾಗಿರುತ್ತದೆ. ಏಳು ಪಿನ್ ಇದ್ದರೆ ಪಂಪ್‌ನ ಸ್ವಿಚ್ಚೂ ಅದರೊಳಗೇ ಇರುವ ಮೊದಲಿನ ಮಾದರಿ. 36 ಮತ್ತು 39 ಎಂದು ಗುರುತಿರುವ ಪಿನ್‌ಗಳ ನಡುವೆ ರೆಕ್ಕೆ ಮುಚ್ಚಿದಾಗ ಸಂಪರ್ಕ ಇರಬಾರದು, ತುಸು ತೆರೆದೊಡನೆ ಬರಬೇಕು. ಕಪ್ಪು ಮುಚ್ಚಳ ತೆಗೆದರೂ ಒಳಗಿನ ಹಲ್ಲಿನ ಚಕ್ರ ಮುಟ್ಟಬೇಡಿ, ಮಿಶ್ರಣದ ಮೂಲ ಹೊಂದಾಣಿಕೆ ಇರುವುದು ಅಲ್ಲೇ.

ಅಳತೆ ಮಾಡಿದ ಪ್ರತಿ ಭಾಗಕ್ಕೂ ತಂತಿಯಿಂದ ಒಂದು ಚೀಟಿ ಕಟ್ಟಿ, ಓದಲು ಸಿಕ್ಕಷ್ಟು ಅಂಕಿ, ಓಮ್, ಅಳೆದಾಗಿನ ಉಷ್ಣತೆ ಮೂರನ್ನೂ ಬರೆಯಿರಿ. ಉಷ್ಣತೆ ಬರೆಯದೆ ಬರೀ ಓಮ್ ಬರೆದರೆ ಸೆನ್ಸರ್‌ಗಳ ಮಟ್ಟಿಗೆ ಆ ಚೀಟಿ ಇದ್ದೂ ಇಲ್ಲದಂತೆ.