ಪಾಮ್ III ಗೆ ಸಿಕ್ಕಿಸುವ ಮೋಡೆಮ್ ಕೊಳ್ಳದೆ ಲಾಡ್ಜಿನಿಂದ ಮೇಲ್ ಕಳಿಸುತ್ತಿದ್ದುದು: ನನ್ನ ಅನುಭವ

ಇದು 2000ನೇ ಇಸವಿಯ ಆಸುಪಾಸಿನ ಮಾತು. ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ಪಾಮ್ III ಗೆ ಸಿಕ್ಕಿಸುವ ಮೋಡೆಮ್ (ಫೋನ್ ಲೈನಿನ ಮೂಲಕ ಇಂಟರ್ನೆಟ್‌ಗೆ ಜೋಡಿಸುವ ಸಾಧನ) ಕೊಳ್ಳಬೇಕಾ ಬೇಡವಾ ಅಂತ ಕೇಳುತ್ತಿದ್ದವರಿಗೆ ನನ್ನ ಉತ್ತರ ಒಂದೇ ಆಗಿತ್ತು. ಊರೂರು ತಿರುಗುವವರಾದರೆ ಬೇಡ. ನಾನು ಕೊಂಡಿರಲಿಲ್ಲ. ಆದರೂ ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಲಾಡ್ಜುಗಳಿಂದ ರಾತ್ರಿ ಹೊತ್ತು ಮೇಲ್ ಕಳಿಸುತ್ತಿದ್ದೆ, ಬಂದದ್ದನ್ನು ಇಳಿಸಿಕೊಳ್ಳುತ್ತಿದ್ದೆ. ಇದು ಆಗಲ್ಲ ಅಂದವರೇ ಜಾಸ್ತಿ. ಬೆಂಗಳೂರಿನ ಎಸ್.ಪಿ. ರಸ್ತೆಯ ನನ್ನ ಪರಿಚಯದ ಅಂಗಡಿಯವನಂತೂ "ಗುರೂ, ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡ, ಸೈಬರ್ ಕೆಫೆಗೆ ಹೋಗು" ಅಂದಿದ್ದ. ಕೊನೆಗೆ ಅವನೇ ನನ್ನ ಕೇಬಲ್ ನೋಡಿ ಇನ್ನೊಂದು ಮಾಡಿಕೊಡು ಅಂದ.

ನನ್ನ ಕೆಲಸ ಕಾಫಿ ತೋಟಗಳ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ. ಕೊಯ್ಲು ಶುರುವಾದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಮನೆ ಸೇರುವುದೇ ಕಷ್ಟ. ಹಗಲು ತೋಟದಲ್ಲಿ ಏನು ಮುರಿದಿದೆ ಅಂತ ನೋಡುತ್ತೇನೆ. ರಾತ್ರಿ ಬೆಂಗಳೂರಿಗೆ ಬಿಡಿಭಾಗದ ಪಟ್ಟಿ ಹೋದರೆ ಮಾರನೇ ದಿನದ ಬಸ್ಸಿಗೆ ಪಾರ್ಸೆಲ್ ಹತ್ತುತ್ತದೆ. ಮೊದಲು ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಮಾಡುತ್ತಿದ್ದೆ. ಒಂದು ಹಾಳೆಗೆ ಮೂವತ್ತು, ನಲವತ್ತು ರೂಪಾಯಿ ಆಗುತ್ತಿತ್ತು. ಎರಡನೇ ಸಲವೂ ಅಕ್ಷರ ಕಲೆಸಿಕೊಂಡು ಹೋದರೆ ಅದರ ದುಡ್ಡೂ ನಮ್ಮದೇ. ಸೈಬರ್ ಕೆಫೆ ಹಾಸನದಲ್ಲಿತ್ತು, ಸರಿ. ನಾನು ತೋಟದಿಂದ ಇಳಿದು ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತಿತ್ತು.

ಮೋಡೆಮ್ ಲೆಕ್ಕ ಹೀಗಿತ್ತು. ಪಾಮ್‌ಪೈಲಟ್ (ಪಾಮ್ III ಗಿಂತ ಹಿಂದಿನ ಮಾದರಿ) ಕಾಲದಿಂದ ಬಂದ 14.4ರ, ಅಂದರೆ ಸೆಕೆಂಡಿಗೆ 14.4 ಕಿಲೋಬಿಟ್ ವೇಗದ ಮೋಡೆಮ್‌ಗೆ ಅಮೆರಿಕದಲ್ಲಿ 130 ಡಾಲರ್ ಹತ್ತಿರ ಇತ್ತು. ಡಾಲರ್‌ಗೆ ಆಗಿನ 45, 46 ರೂಪಾಯಿ ಹಿಡಿದರೆ ಆರು ಸಾವಿರ. ಯಾರಾದರೂ ಕೈಯಲ್ಲಿ ತಂದುಕೊಟ್ಟರೆ ಈ ಲೆಕ್ಕ. ಇಲ್ಲಿ ತರಿಸಿ ಮಾರುವವರು ಎಂಟರ ಮೇಲೆ ಹೇಳಿದರು. ನನ್ನ ಪಾಮ್ ಸೆಕೆಂಡ್ ಹ್ಯಾಂಡ್, ಅದಕ್ಕೆ ಕೊಟ್ಟಿದ್ದೇ ಏಳು ಸಾವಿರದ ಸುಮಾರು! ಯಂತ್ರಕ್ಕಿಂತ ಅದರ ಬಾಲಕ್ಕೆ ಜಾಸ್ತಿ ಕೊಡಲು ಮನಸ್ಸು ಒಪ್ಪಲಿಲ್ಲ.

ಆದರೂ ಒಬ್ಬರಿಂದ ಅದನ್ನು ವಾರಕ್ಕೆ ಅಂತ ಇಸಕೊಂಡು ಹೋಗಿ ನೋಡಿದೆ. ಬೆಂಗಳೂರಿನ ಮನೆಯಲ್ಲಿ ಚೆನ್ನಾಗಿ ನಡೆಯಿತು. ಎರಡು ಸಣ್ಣ ಸೆಲ್ ಹಾಕಿ, ಕೆಳಗೆ ಸಿಕ್ಕಿಸಿ, ತಂತಿ ಚುಚ್ಚಿದರೆ ಮುಗಿಯಿತು. ಸಕಲೇಶಪುರದಲ್ಲಿ ಒಂದು ಸಲವೂ ಡಯಲ್ ಮಾಡಲಿಲ್ಲ. ಡಯಲ್ ಟೋನ್ ಇಲ್ಲ ಅನ್ನುತ್ತಿತ್ತು. ರಿಸೀವರ್ ಎತ್ತಿದರೆ ನನಗೆ ಟೋನ್ ಕೇಳುತ್ತದೆ, ಅದಕ್ಕೆ ಮಾತ್ರ ಕೇಳುವುದಿಲ್ಲ. ಜೊತೆಗೆ ಅದರ ತಂತಿಯ ತುದಿಯಲ್ಲಿ ಆರ್‌ಜೆ-11 ಪಿನ್ (ಫೋನಿನ ಸಣ್ಣ ಪ್ಲಾಸ್ಟಿಕ್ ಪಿನ್). ನಮ್ಮ ಲಾಡ್ಜುಗಳಲ್ಲಿ ಆಗ ಗೋಡೆಗೆ ರೋಸೆಟ್ ಡಬ್ಬಿ (ಫೋನ್ ತಂತಿ ಬಂದು ಸೇರುವ ಡಬ್ಬಿ), ಒಳಗೆ ಎರಡು ಸ್ಕ್ರೂ. ಚುಚ್ಚುವುದು ಎಲ್ಲಿಗೆ?

ಆ ವಾರದಲ್ಲೇ ವಿಷಯ ಖಚಿತವಾಯಿತು. ಸಮಸ್ಯೆ ಇರುವುದು ಲೈನಿನಲ್ಲಿ. ಆರು ಸಾವಿರ ಕೊಟ್ಟರೂ ಲೈನ್ ಬದಲಾಗುವುದಿಲ್ಲ. ಹಾಗಾದರೆ ಲೈನಿಗೆ ಬಗ್ಗುವ ಮೋಡೆಮ್ ಬೇಕು, ಅಲ್ವಾ?

ಹಳೆಯ ಹೊರಗಿಡುವ ಮೋಡೆಮ್ ಒಂದು ಸಾವಿರದ ಚಿಲ್ಲರೆಗೆ ಸಿಕ್ಕಿತು. 33.6ರದ್ದು, 9 ವೋಲ್ಟ್ ಡಿಸಿಯಲ್ಲಿ ಓಡುವುದು. ಡಿಸಿ ಬದಲು ಎಸಿ ಕೊಡುವ ಅಡಾಪ್ಟರ್‌ನವೂ ಬರುತ್ತಿದ್ದವು, ಅವು ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪಾಮ್ ಜೊತೆಗಿನ ಹಾಟ್‌ಸಿಂಕ್ ಕೇಬಲ್ ಅದನ್ನು ಕಂಪ್ಯೂಟರಿಗೆ ಜೋಡಿಸಲು ಅಂತ ಮಾಡಿದ್ದು. ಅಂಗಡಿಯ ಮಾಮೂಲಿ ಮೋಡೆಮ್ ಕೇಬಲ್ ಅದಕ್ಕೆ ಜೋಡಿಸಿದರೆ ಏನೂ ಆಗಲ್ಲ. ಎರಡೂ ಕಡೆಯವರು ಒಂದೇ ತಂತಿಯ ಮೇಲೆ ಮಾತಾಡುತ್ತಾರೆ, ಕೇಳುವವರು ಯಾರೂ ಇಲ್ಲ. ನಲ್ ಮೋಡೆಮ್ ಅಡಾಪ್ಟರ್ (ಕಳಿಸುವ, ಕೇಳುವ ತಂತಿಗಳನ್ನು ಅದಲುಬದಲು ಮಾಡುವುದು), ಜೆಂಡರ್ ಚೇಂಜರ್ (ಗಂಡು ಹೆಣ್ಣು ಪಿನ್ ಬದಲಿಸುವುದು) ಎಲ್ಲ ಸೇರಿಸಿದರೆ ನಡೆಯುತ್ತದೆ, ಆದರೆ ಗೇಣುದ್ದದ ಸರಪಳಿ ಆಗುತ್ತದೆ. ಚೀಲದಲ್ಲಿ ಎಳೆದಾಡಿ ಒಂದು ಪಿನ್ ಮುರಿದೇ ಹೋಯಿತು. ಆಮೇಲೆ ನಾನೇ ಬೆಸುಗೆ ಹಾಕಿದೆ. ಒಂಬತ್ತು ಪಿನ್ ಗಂಡು, ಇಪ್ಪತ್ತೈದು ಪಿನ್ ಗಂಡು, ನಡುವೆ ಮೊಳದುದ್ದದ ತಂತಿ. ಒಂಬತ್ತರ ಕಡೆಯ ಪಿನ್‌ನಿಂದ ಇಪ್ಪತ್ತೈದರ ಕಡೆಯ ಪಿನ್‌ಗೆ ಹೀಗೆ: 2ಕ್ಕೆ 2, 3ಕ್ಕೆ 3, 5ಕ್ಕೆ 7, 7ಕ್ಕೆ 5, 8ಕ್ಕೆ 4. ಎಲ್ಲ ಸೇರಿ ಐವತ್ತು ರೂಪಾಯಿ ಆಗಿರಬಹುದು. ಮೋಡೆಮ್ ಸುಮ್ಮನೆ ಕೂತರೆ ಸ್ಟ್ರಿಂಗ್‌ಗೆ (ಡಯಲ್ ಮಾಡುವ ಮೊದಲು ಪಾಮ್ ಮೋಡೆಮ್‌ಗೆ ಕಳಿಸುವ ಆಜ್ಞೆಗಳ ಸಾಲು) &D0 ಸೇರಿಸಿ.

ಟೋನ್ ಸಮಸ್ಯೆಗೆ ಮದ್ದು ಆ ಸ್ಟ್ರಿಂಗ್‌ನಲ್ಲೇ ಇದೆ. ಪಾಮ್‌ನಲ್ಲಿ AT ಅಕ್ಷರಗಳ ನಂತರ &FX4 ಅಂತ ಮೊದಲೇ ಬರೆದಿರುತ್ತದೆ. ಆ 4 ಇದ್ದರೆ ಮೋಡೆಮ್ ಟೋನ್‌ಗೆ ಕಾಯುತ್ತದೆ. 3 ಮಾಡಿದರೆ ಕಾಯದೆ ಡಯಲ್ ಮಾಡುತ್ತದೆ, ಎಂಗೇಜ್ ಇದ್ದರೆ ಮಾತ್ರ ಹೇಳುತ್ತದೆ. ಇಷ್ಟು ಮಾಡಿದ ರಾತ್ರಿಯೇ ಆ ಕಡೆಯ ಮೋಡೆಮ್ ಕೂಗಿದ್ದು ಕೇಳಿತು! ಇದನ್ನು ಇಸಕೊಂಡಿದ್ದ ಮೋಡೆಮ್‌ನಲ್ಲೂ ಮಾಡಬಹುದಿತ್ತು ಅನ್ನುತ್ತೀರಿ, ನಿಜ. ಆದರೆ ರೋಸೆಟ್, ಸೆಲ್, ಆರು ಸಾವಿರ ಮೂರೂ ಹಾಗೇ ಉಳಿಯುತ್ತಿದ್ದವು.

ಕೂಗಿದ ಮೇಲೂ ಲೈನ್ ನಿಲ್ಲುತ್ತಿರಲಿಲ್ಲ. 33.6ಕ್ಕೆ ಹತ್ತಲು ಹೋಗಿ ಬೀಳುತ್ತಿತ್ತು. ಪ್ರತಿ ಸಲ ಬಿದ್ದಾಗ ಒಂದು ಕರೆಯ ದುಡ್ಡು. ಆ ತಿಂಗಳು ಲಾಡ್ಜ್‌ನವರಿಗೆ ಫೋನ್ ಬಾಬ್ತು ಅಂತಲೇ ಮುನ್ನೂರಕ್ಕೂ ಮೇಲೆ ಕೊಟ್ಟೆ, ಹೋದ ಮೇಲ್ ಬೆರಳೆಣಿಕೆ. ಕೊನೆಗೆ ವೇಗವನ್ನು 14.4ಕ್ಕೆ ಕಟ್ಟಿಹಾಕಿದೆ. ಅದರ ಆಜ್ಞೆ ಮೋಡೆಮ್‌ನಿಂದ ಮೋಡೆಮ್‌ಗೆ ಬೇರೆ, ಕೈಪಿಡಿ ನೋಡಿ. S7 ಅನ್ನು (ಆ ಕಡೆಯ ಮೋಡೆಮ್‌ಗೆ ಎಷ್ಟು ಸೆಕೆಂಡ್ ಕಾಯಬೇಕು ಅಂತ ಹೇಳುವ ರಿಜಿಸ್ಟರ್, ಅಂದರೆ ಸೆಟ್ಟಿಂಗ್) 90 ಮಾಡಿದೆ, ಹಳೇ ಎಕ್ಸ್‌ಚೇಂಜ್‌ಗಳಿಗೆ ಸಮಯ ಬೇಕಿತ್ತು. ಇನ್ನೆರಡು ರಿಜಿಸ್ಟರ್ ಮುಟ್ಟಿದ್ದೇನೆ. ಆ ಅಂಕಿಗಳು ನನ್ನಲ್ಲೇ ಇರಲಿ, ಒಂದು ಮಳೆಗಾಲ ಕಳೆದು ಕಂಡುಕೊಂಡಿದ್ದು. ಆಮೇಲೆ ಹತ್ತು ಸಲ ಡಯಲ್ ಮಾಡಿದರೆ ಎಂಟು, ಒಂಬತ್ತು ಸಲ ನಿಲ್ಲುತ್ತಿತ್ತು. ಹತ್ತಿಪ್ಪತ್ತು ಸಣ್ಣ ಮೇಲ್ ಮೂರು ನಿಮಿಷದ ಒಂದು ಕರೆಯೊಳಗೆ ಮುಗಿಯುತ್ತಿದ್ದವು. ಹತ್ತಿರದಲ್ಲಿ ನೋಡ್ (ಇಂಟರ್ನೆಟ್‌ಗಾಗಿ ಡಯಲ್ ಮಾಡುವ ಕೇಂದ್ರ) ಇಲ್ಲದ ಊರಾದರೆ ಆಗಿದ್ದ ರಾತ್ರಿಯ ಕಾಲು ದರಕ್ಕೆ ಕಾದು ಬೆಂಗಳೂರಿಗೇ ಹಚ್ಚುತ್ತಿದ್ದೆ.

ರೋಸೆಟ್‌ಗೆ ಮೊಸಳೆ ಕ್ಲಿಪ್. ಎರಡು ಸ್ಕ್ರೂಗೆ ಎರಡು ಕ್ಲಿಪ್, ಉಲ್ಟಾ ಆದರೂ ನಡೆಯುತ್ತದೆ. ಬರಿಗೈಯಲ್ಲಿ ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಆ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ರಿಂಗಿನ ಕರೆಂಟ್ ಚೆನ್ನಾಗಿ ಹೊಡೆಯುತ್ತದೆ. ಮ್ಯಾನೇಜರನ್ನು ಮೊದಲೇ ಕೇಳಿಕೊಳ್ಳಿ. ಒಬ್ಬರು "ಏನ್ ಸಾರ್, ಫೋನ್ ಬಿಚ್ತಾ ಇದೀರಾ?" ಅಂತ ಓಡಿ ಬಂದಿದ್ದರು. ಕೂರಿಸಿಕೊಂಡು ತೋರಿಸಿದೆ. ಆಮೇಲೆ ನಾನು ಹೋದರೆ ಅವರೇ ಕೆಳಗಿನ ಪ್ಯಾರಲಲ್ ಫೋನ್ (ಅದೇ ಲೈನಿನ ಇನ್ನೊಂದು ಫೋನ್) ಮುಟ್ಟದಂತೆ ಹುಡುಗರಿಗೆ ಹೇಳುತ್ತಿದ್ದರು. ಆ ಪ್ಯಾರಲಲ್ ಎತ್ತಿದರೆ ಲೈನ್ ಹೋಯಿತು ಅಂತಲೇ ಲೆಕ್ಕ.

ಡಿಸಿ ಮೋಡೆಮ್ ಯಾಕೆ ಅಂದರೆ ಕರೆಂಟ್. ಮಲೆನಾಡಿನಲ್ಲಿ ಆಗ ರಾತ್ರಿ ಕರೆಂಟ್ ನಂಬುವ ಹಾಗಿರಲಿಲ್ಲ, ಫೋನ್ ಮಾತ್ರ ಬದುಕಿರುತ್ತಿತ್ತು. ಆರು ಪೆನ್ಸಿಲ್ ಸೆಲ್ ಸಾಲಾಗಿ ಜೋಡಿಸಿದರೆ 9 ವೋಲ್ಟ್. ಸ್ಪೀಕರ್ ಆಫ್ ಮಾಡಿದರೆ ಒಂದು ಸೆಟ್ ಎರಡು ಗಂಟೆ ಬರುತ್ತದೆ, ದಿನಕ್ಕೆ ನಾಲ್ಕೈದು ನಿಮಿಷ ಬಳಸುವವನಿಗೆ ಅದು ಧಾರಾಳ. ಪಾಮ್‌ನ ಸೆಲ್ ಕಡೆ ಮಾತ್ರ ಗಮನ ಇರಲಿ. ಸೀರಿಯಲ್ ಪೋರ್ಟ್ ತೆರೆದಿದ್ದಷ್ಟು ಹೊತ್ತೂ ಅದು ತಿನ್ನುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪಾಮ್ OS 3.3 (ಪಾಮ್ ಓಡಿಸುವ ತಂತ್ರಾಂಶದ ಹೊಸ ಆವೃತ್ತಿ) ಹಾಕಿಕೊಂಡರೆ ಇನ್‌ಫ್ರಾರೆಡ್ ಮೂಲಕ ಮೊಬೈಲನ್ನೇ ಮೋಡೆಮ್ ಮಾಡಬಹುದಿತ್ತು. ಗೆಳೆಯನ ನೋಕಿಯಾ 7110 ಎದುರಿಗಿಟ್ಟು ಬೆಂಗಳೂರಿನಲ್ಲಿ ನೋಡಿದೆ. ತಂತಿ ಇಲ್ಲ, ಕ್ಲಿಪ್ ಇಲ್ಲ, 9600ರಲ್ಲಿ ಮೇಲ್ ಬಂತು. ಬಹಳ ಖುಷಿಯಾಯಿತು, ಮುಂದಿನ ದಾರಿ ಇದೇ ಅಂತ ಅನ್ನಿಸಿತು. ಆದರೆ ಡೇಟಾ ಸೇವೆಯನ್ನು ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಬೇಕಿತ್ತು, ನಿಮಿಷದ ದರವೂ ಹೆಚ್ಚಿತ್ತು. ಮೂಡಿಗೆರೆಯ ತೋಟಗಳಲ್ಲಂತೂ ಸಿಗ್ನಲ್ಲೇ ಇರಲಿಲ್ಲ. ಸಿಗ್ನಲ್ ಬಂದ ದಿನ ಮತ್ತೆ ನೋಡೋಣ ಅಂದುಕೊಂಡೆ.

ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹೊತ್ತಿನಲ್ಲಿ ಗುಡುಗು ಕೇಳಿದ ತಕ್ಷಣ ಕ್ಲಿಪ್ ಕಳಚಿಬಿಡಿ. ನನ್ನ ಮೊದಲ ಮೋಡೆಮ್ ಸಿಡಿಲಿಗೆ ಹೋಯಿತು. ಪಾಮ್ ಕೇಬಲ್‌ನಿಂದ ಬಿಡಿಸಿಟ್ಟಿದ್ದೆ, ಅದು ಉಳಿಯಿತು. ಹೋದದ್ದು ಸಾವಿರದ ಚಿಲ್ಲರೆ. ಪಾಮ್‌ಗೇ ಸಿಕ್ಕಿಸಿದ ಮೋಡೆಮ್ ಆಗಿದ್ದರೆ ಎರಡೂ ಸೇರಿ ಹದಿನೈದು ಸಾವಿರದವರೆಗೆ ಹೋಗುತ್ತಿತ್ತು.

ಎರಡನೇ ಮೋಡೆಮ್ ಸೇರಿಸಿದರೂ ನನ್ನ ಒಟ್ಟು ಖರ್ಚು ಮೂರು ಸಾವಿರ ದಾಟಲಿಲ್ಲ. ಬೆಂಗಳೂರು, ಮುಂಬೈ, ಚೆನ್ನೈ ಅಂತ ದೊಡ್ಡ ಹೋಟೆಲುಗಳಲ್ಲೇ ಇಳಿಯುವವರು ಸಿಕ್ಕಿಸುವ ಮೋಡೆಮ್ ಕೊಳ್ಳಬಹುದಿತ್ತು, ಜೇಬಿನಲ್ಲಿ ಹಿಡಿಯುತ್ತಿತ್ತು, ಪಿನ್ ಸಾಕೆಟ್ ಅಲ್ಲಿರುತ್ತಿತ್ತು. ನನ್ನ ಭಾವಮೈದ ಅದನ್ನೇ ಕೊಂಡಿದ್ದ, ಅವನ ಓಡಾಟಕ್ಕೆ ಸರಿಯಾಗಿತ್ತು. ಹೊರಗಿನ ನಂಬರಿಗೆ ಸೊನ್ನೆ ಒತ್ತಬೇಕಾದ ಹೋಟೆಲಿನಲ್ಲಿ ಪಾಮ್‌ನ ಪ್ರಿಫಿಕ್ಸ್ ಜಾಗದಲ್ಲಿ 0 ಬರೆದು ಒಂದು ಅಲ್ಪವಿರಾಮ ಹಾಕಿ, ಅಲ್ಲಿ ಮೋಡೆಮ್ ಸ್ವಲ್ಪ ತಡೆದು ಮುಂದಿನ ಅಂಕಿ ಒತ್ತುತ್ತದೆ. ಅವನಿಗೂ ಅದನ್ನು ನಾನೇ ಹಾಕಿಕೊಟ್ಟಿದ್ದು.