ಕಾಟಾದ ಪಿನ್ನಿಗೆ ಪಾಲಿಶ್ ಪೇಪರ್ ಹಚ್ಚಿದ ಮೇಲೆ

ಹಾವೇರಿಯಲ್ಲಿ ನನ್ನದು ಎಲೆಕ್ಟ್ರಾನಿಕ್ ಕಾಟಾ ರಿಪೇರಿ ಅಂಗಡಿ. ಮೆಣಸಿನಕಾಯಿ ಸೀಸನ್ ಬಂತೆಂದರೆ ಬ್ಯಾಡಗಿ ಮಾರುಕಟ್ಟೆಗೇ ಓಡಾಟ ಜಾಸ್ತಿ.

ಒಂದು ಸಲ ದಲಾಲಿ ಅಂಗಡಿಯಿಂದ ಫೋನ್ ಬಂತು. "ಅಣ್ಣಾರ, ಒಂದ ಚೀಲ ಮೂರು ಸಲ ಇಟ್ರ ಮೂರು ತೂಕ ತೋರಸ್ತೈತಿ. ರೈತರು ಜಗಳಕ್ಕ ನಿಂತಾರ, ಲಗೂನ ಬರ್ರಿ." ಹೋಗಿ ನೋಡಿದೆ. ಭಾರವನ್ನು ಕರೆಂಟಿನ ಸಂಕೇತವಾಗಿ ಬದಲಿಸುವ ಲೋಡ್ ಸೆಲ್ ಸರಿ ಇತ್ತು, ಡಿಸ್‌ಪ್ಲೇನೂ ಸರಿ ಇತ್ತು. ಕೇಬಲ್‌ನ ಕನೆಕ್ಟರ್ ಮುಟ್ಟಿದರೆ ಮಾತ್ರ ಅಂಕಿ ಕುಣಿಯುತ್ತಿತ್ತು. ಬಿಚ್ಚಿದರೆ ಪಿನ್ನುಗಳು ಕಪ್ಪಾಗಿದ್ದವು. ಪಾಲಿಶ್ ಪೇಪರ್ ತೆಗೆದುಕೊಂಡು ಫಳಫಳ ಹೊಳೆಯುವ ಹಾಗೆ ಉಜ್ಜಿದೆ. ತೂಕ ಗಟ್ಟಿಯಾಗಿ ನಿಂತಿತು. ಮೂರೇ ವಾರಕ್ಕೆ ಮತ್ತೆ ಅದೇ ಫೋನ್. ಈ ಸಲ ತೊಂದರೆ ಮೊದಲಿಗಿಂತ ಜಾಸ್ತಿ.

ಆ ಪಿನ್ನನ್ನು ಅಂಗಡಿಗೆ ತಂದು ಭೂತಗನ್ನಡಿಯ ಕೆಳಗೆ ಇಟ್ಟೆ. ಬರಿಗಣ್ಣಿಗೆ ನುಣುಪಾಗಿ ಕಂಡದ್ದು ಅಲ್ಲಿ ಉತ್ತ ಹೊಲದ ಹಾಗಿತ್ತು. ಸಾಲು ಸಾಲು ಗೀರು. ನಡುವೆ ಹಳದಿ ಹಿತ್ತಾಳೆ ಇಣುಕುತ್ತಿತ್ತು.

ಹೊಸದಾಗಿ ಉಳಿ ಹೊಡೆಸಿದ ಬೀಸುಕಲ್ಲು ನೋಡಿದ್ದೀರಲ್ವಾ? ಮೇಲಿನ ಕಲ್ಲು ಕೆಳಗಿನದರ ಮೇಲೆ ಪೂರ್ತಿ ಕೂರುವುದಿಲ್ಲ, ಉಬ್ಬಿದ ಕಡೆ ಮಾತ್ರ ತಾಗುತ್ತದೆ. ಪಿನ್ನೂ ಸಾಕೆಟ್ಟೂ ಹಾಗೇ. ಎಷ್ಟೇ ನುಣುಪಾದ ಲೋಹವಾದರೂ ತಾಗುವುದು ತುದಿಗಳಲ್ಲಿ. 100 ಗ್ರಾಂ ತೂಕದಷ್ಟು ಒತ್ತಡದಲ್ಲಿ ಹಿತ್ತಾಳೆಗೆ ಹಿತ್ತಾಳೆ ನಿಜವಾಗಿ ತಾಗುವ ಜಾಗ ಸುಮಾರು ಒಂದು ಚದರ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಕರೆಂಟ್ ಪೂರ್ತಿ ಅಷ್ಟರಲ್ಲೇ ನುಸುಳಬೇಕು. ಲೋಹ ಸ್ವಚ್ಛವಾಗಿದ್ದರೆ ಇದರಿಂದ ತೊಂದರೆ ಇಲ್ಲ, ಕರೆಂಟಿಗೆ ಅಡ್ಡಿ, ಅಂದರೆ ರೆಸಿಸ್ಟೆನ್ಸ್, ಬರೀ ಮಿಲಿಓಮ್ (ಓಮಿನ ಸಾವಿರದಲ್ಲೊಂದು) ಲೆಕ್ಕದಲ್ಲಿರುತ್ತದೆ. ಆ ತುದಿಗಳ ಮೇಲೆ, ಲೋಹಕ್ಕೆ ಗಾಳಿ ತಾಗಿ ಹುಟ್ಟುವ ಆಕ್ಸೈಡ್ ಪೊರೆ ಕೂತಾಗಲೇ ಕಷ್ಟ ಶುರು.

ನಾನು ಉಜ್ಜಿ ತೆಗೆದದ್ದು ಕಪ್ಪನ್ನಷ್ಟೇ ಅಲ್ಲ. ಪಿನ್ನಿನ ಮೇಲೆ ಕೆಲವೇ ಮೈಕ್ರಾನ್ ದಪ್ಪದ ತವರದ ಲೇಪ ಇತ್ತು, ಅದೂ ಹೋಗಿತ್ತು. ಹಿತ್ತಾಳೆ ಬತ್ತಲಾಯಿತು. ಗೀರುಗಳಲ್ಲಿ ಧೂಳು, ತೇವ ಕೂತವು. ಹಮಾಲರು ಚೀಲ ಒಗೆದಾಗಲೆಲ್ಲ ಕೇಬಲ್ ನಡುಗುತ್ತದೆ, ಪಿನ್ ಕೂದಲೆಳೆಗಿಂತ ಕಡಿಮೆ ಜರುಗುತ್ತದೆ. ಒರಟು ತುದಿಗಳು ಒಂದನ್ನೊಂದು ಕೆರೆದು ಪುಡಿ ಉದುರುತ್ತದೆ. ಆ ಪುಡಿಗೆ ಗಾಳಿ ತಾಗಿ, ಕರೆಂಟ್ ಹರಿಯದ ಪದರವಾಗಿ ಅಲ್ಲೇ ಕೂರುತ್ತದೆ. ಹಾಗಂತ ಕನ್ನಡಿಯಷ್ಟು ನುಣುಪೇ ಬೇಕು ಅಂತಲೂ ಅಲ್ಲ. ತವರದ ಪಿನ್ ತೂರಿಸುವಾಗ ಸಣ್ಣ ಉಬ್ಬುಗಳು ಮೇಲಿನ ಪೊರೆ ಒಡೆದು ಒಳಗಿನ ಲೋಹ ತಾಗಿಸುತ್ತವೆ. ಪೇಪರ್ ಮಾಡುವ ಆಳದ ಗೀರು ಬೇರೆಯೇ ಸಂಗತಿ.

ಇದರಿಂದ ಯಾರಿಗೆ ಎಷ್ಟು ನಷ್ಟ ಎಂದು ಕೂತು ಲೆಕ್ಕ ಹಾಕಿದೆ. ನಾಲ್ಕು ವೈರಿನ ಲೋಡ್ ಸೆಲ್, ಒಳಗಿನ ರೆಸಿಸ್ಟೆನ್ಸ್ ಸುಮಾರು 400 ಓಮ್. ಅದಕ್ಕೆ ವೋಲ್ಟೇಜ್ ಕೊಡುವ ಪಿನ್ನಿನಲ್ಲಿ 1 ಓಮ್ ಹೆಚ್ಚಾದರೆ ತೂಕ ಶೇಕಡಾ 0.25 ಕಡಿಮೆ ತೋರಿಸುತ್ತದೆ. 40 ಕೆಜಿ ಚೀಲಕ್ಕೆ 100 ಗ್ರಾಂ. ನೂರು ಚೀಲ ತಂದ ರೈತನಿಗೆ 10 ಕೆಜಿ ಮೆಣಸಿನಕಾಯಿ ಖೋತಾ. ಝೀರೋ ಬಟನ್ ಒತ್ತಿದರೂ ಇದು ಸರಿಹೋಗುವುದಿಲ್ಲ. ಲೆಕ್ಕ ಮುಗಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ಕನೆಕ್ಟರಿನ ಗಂಡು, ಹೆಣ್ಣು ಎರಡೂ ಭಾಗ ಬದಲಿಸಿದೆ. ಎರಡೂ ಚಿನ್ನದ ಲೇಪದವು. ಒಂದು ಕಡೆ ಚಿನ್ನ, ಇನ್ನೊಂದು ಕಡೆ ತವರ ಹಾಕಲೇಬಾರದು, ಜೋಡಿ ಬೇಗ ಕೆಡುತ್ತದೆ. ಕನೆಕ್ಟರಿನ ಹತ್ತಿರ ಕೇಬಲ್‌ಗೆ ಕ್ಲಾಂಪ್ ಬಿಗಿದೆ. ತೀರಾ ಸಣ್ಣ ರೆಸಿಸ್ಟೆನ್ಸ್ ಅಳೆಯುವ ನಾಲ್ಕು ತುದಿಯ ಮೀಟರ್ ಹಚ್ಚಿ ಪ್ರತಿ ಪಿನ್ನಿನ ಮಿಲಿಓಮ್ ಬರೆದಿಟ್ಟೆ. ಅಳತೆ ತೂಕದ ಕಲ್ಲಿಟ್ಟು ಹೊಂದಿಸಿ, ಮತ್ತೆ ಮುದ್ರೆ ಹಾಕಿಸಿದ ಮೇಲೇ ಕಾಟಾ ಕೊಟ್ಟೆ. ಈಗ ಪಿನ್ ಕೊಳೆಯಾಗಿದ್ದರೆ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸುತ್ತೇನೆ, ಅಷ್ಟೇ. ಅದಕ್ಕೂ ಹೋಗದಿದ್ದರೆ ಹೊಸ ಕನೆಕ್ಟರ್.

ಅದೇ ಸೀಸನ್ನಿನಲ್ಲಿ ನಾನು ಪೇಪರ್ ಉಜ್ಜಿದ್ದ ಇನ್ನೂ ನಾಲ್ಕು ಕಾಟಾ ಇದ್ದವು. ಆ ಅಂಗಡಿಗಳಿಗೆ ನಾನೇ ಹೋಗಿ, ದುಡ್ಡು ತೆಗೆದುಕೊಳ್ಳದೆ ಅವುಗಳ ಕನೆಕ್ಟರನ್ನೂ ಬದಲಿಸಿ ಬಂದೆ.